ಬೆವರಿನ ಸಾಕ್ಷ್ಯಕ್ಕೆ ಎಷ್ಟು ಬೆಲೆ?

ಪುಂಜಾಲಕಟ್ಟೆ ಪೇಟೆಯ ಹೋಟೆಲೊಂದರಲ್ಲಿ ಬೆಳಗಿನ ಚಹಾದ ಹೊತ್ತಿಗೆ ದಿನವೂ ಒಂದು ನ್ಯಾಯಾಲಯ ಸೇರುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಈ ಊರಿನಲ್ಲಿ, ನಿವೃತ್ತಿಯ ನಂತರ ಅಡಿಕೆ ತೋಟ ನೋಡಿಕೊಂಡಿರುವ ನಾನೂ ಅದರ ಕಾಯಂ ಸದಸ್ಯರಲ್ಲೊಬ್ಬ. 2025ರ ಜುಲೈಯಲ್ಲಿ, ಧರ್ಮಸ್ಥಳದಲ್ಲಿ ಶವಗಳನ್ನು ಹೂತಿದ್ದೆನೆಂದು ಹೇಳಿಕೊಂಡು ಬಂದ ದೂರುದಾರನಿಗೆ ಬ್ರೈನ್ ಮ್ಯಾಪಿಂಗ್ ಮತ್ತು ಮಂಪರು ಪರೀಕ್ಷೆ ನಡೆಸಲು ಪೊಲೀಸರು ನ್ಯಾಯಾಲಯದ ಅನುಮತಿ ಕೋರಿದ್ದಾರೆಂಬ ಸುದ್ದಿ ಬಂದ ದಿನ, ನಮ್ಮ ಹೋಟೆಲಿನ ನ್ಯಾಯಾಲಯ ಸರ್ವಾನುಮತದಿಂದ ಅದನ್ನು ಅನುಮೋದಿಸಿತು. ‘ಮಾಡಿಸಿಬಿಡಲಿ ಮಾರಾಯ್ರೆ, ಮೆಷಿನಿನ ಎದುರು ಯಾರ ಆಟವೂ ನಡೆಯುವುದಿಲ್ಲ’ ಎಂದರು ಒಬ್ಬರು. ಆಗಸ್ಟ್‌ನಲ್ಲಿ ಆ ದೂರುದಾರನೇ ಬಂಧನಕ್ಕೊಳಗಾದಾಗ, ‘ಮೊದಲೇ ಸುಳ್ಳು ಪತ್ತೆ ಪರೀಕ್ಷೆ ಮಾಡಿಸಿದ್ದರೆ ಇಷ್ಟು ಮಣ್ಣು ಅಗೆಯುವ ಕೆಲಸ ಇರಲಿಲ್ಲ’ ಎಂದು ಅವರೇ ಹೇಳಿದರು. ಆ ಪ್ರಕರಣದ ಸತ್ಯಾಸತ್ಯತೆ ಈ ಬರಹದ ವಿಷಯವಲ್ಲ. ಅದನ್ನು ನಿರ್ಣಯಿಸಬೇಕಾದವರು ಬೇರೆ ಇದ್ದಾರೆ. ಆದರೆ ಎರಡೂ ಸಲ, ‘ನೀವು ಆಫೀಸರ್ ಆಗಿದ್ದವರು, ನೀವೇ ಹೇಳಿ’ ಎಂದು ಎಲ್ಲರೂ ನನ್ನತ್ತ ತಿರುಗಿದಾಗ ನಾನು ಸುಮ್ಮನಿದ್ದೆ. ಏಕೆಂದರೆ ಒಮ್ಮೆ ನಾನೂ ಆ ಯಂತ್ರದ ಮಾತನ್ನು ನಂಬಿ ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದ್ದೇನೆ.

ಅದು 2003ನೇ ಇಸವಿ. ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ನಾನು ಮುಖ್ಯಸ್ಥನಾಗಿದ್ದ ಕಚೇರಿಯಲ್ಲಿ ತಿಂಗಳ ಕೊನೆಯಲ್ಲಿ ನಗದು ಪುಸ್ತಕಕ್ಕೂ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಹಣಕ್ಕೂ ತಾಳೆಯಾಗಲಿಲ್ಲ. ಕಡಿಮೆ ಬಿದ್ದದ್ದು 38 ಸಾವಿರ ರೂಪಾಯಿ. ನಗದು ಗುಮಾಸ್ತರು ಎರಡು ದಿನ ಊಟ ಬಿಟ್ಟು ಹುಡುಕಿದರು. ಕೊನೆಗೆ ಠಾಣೆಗೆ ದೂರು ಹೋಯಿತು. ಬೀಗದ ಕೈ ಮುಟ್ಟುವ ಅವಕಾಶವಿದ್ದ ಐವರಿಗೆ ಪಾಲಿಗ್ರಾಫ್ ಪರೀಕ್ಷೆ ಮಾಡಿಸೋಣವೆಂದು ತನಿಖಾಧಿಕಾರಿ ಸೂಚಿಸಿದರು. ಒಪ್ಪಿಗೆ ಬೇಕಿತ್ತು. ನಾನು ಐವರನ್ನೂ ನನ್ನ ಕೊಠಡಿಗೆ ಕರೆಸಿ, ‘ತಪ್ಪು ಮಾಡದವರಿಗೆ ಭಯವೇಕೆ?’ ಎಂದು ಕೇಳಿದೆ. ಐದು ಸಹಿಗಳು ಐದು ನಿಮಿಷದಲ್ಲಿ ಬಿದ್ದವು. ವರದಿ ಬಂದಾಗ ನಾಲ್ವರು ಪಾರಾಗಿದ್ದರು. ರಾತ್ರಿ ಕಚೇರಿಯಲ್ಲೇ ಮಲಗುತ್ತಿದ್ದ ಜವಾನರೊಬ್ಬರ ಹೆಸರಿನ ಮುಂದೆ, ಸಂಬಂಧಪಟ್ಟ ಪ್ರಶ್ನೆಗಳಿಗೆ ವಂಚನೆಯನ್ನು ಸೂಚಿಸುವ ಪ್ರತಿಕ್ರಿಯೆಗಳು ಕಂಡುಬಂದಿವೆ ಎಂಬರ್ಥದ ಒಂದು ವಾಕ್ಯವಿತ್ತು. ಮರುದಿನ ಅವರನ್ನು ಅಮಾನತಿನಲ್ಲಿಟ್ಟೆ. ಆ ಆದೇಶಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಲಿಲ್ಲ. ವಿಜ್ಞಾನವೇ ಹೇಳಿದ ಮೇಲೆ ನಡುಗಬೇಕಾದ ಕಾರಣವೂ ಕಾಣಲಿಲ್ಲ.

ವಿಜ್ಞಾನ ನಿಜವಾಗಿ ಹೇಳುವುದೇನು? ಪಾಲಿಗ್ರಾಫ್ ಸುಳ್ಳನ್ನು ಅಳೆಯುವುದಿಲ್ಲ. ಎದೆ ಮತ್ತು ಹೊಟ್ಟೆಯ ಸುತ್ತ ಕಟ್ಟಿದ ಕೊಳವೆಗಳು ಉಸಿರಾಟವನ್ನು, ತೋಳಿಗೆ ಸುತ್ತಿದ ಪಟ್ಟಿ ರಕ್ತದೊತ್ತಡ ಮತ್ತು ನಾಡಿಯನ್ನು, ಬೆರಳುಗಳಿಗೆ ಅಂಟಿಸಿದ ಲೋಹದ ತುಣುಕುಗಳು ಚರ್ಮದ ಬೆವರನ್ನು ದಾಖಲಿಸುತ್ತವೆ. ಇಷ್ಟೇ ಅದರ ಕೆಲಸ, ಮತ್ತು ಇಷ್ಟನ್ನು ಅದು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಮುಂದಿನ ಹೆಜ್ಜೆಯಲ್ಲಿದೆ. ಎದೆ ಹೊಡೆದುಕೊಂಡದ್ದು ಸುಳ್ಳು ಹೇಳಿದ್ದರಿಂದಲೋ, ಹೆದರಿಕೆಯಿಂದಲೋ, ಅವಮಾನದಿಂದಲೋ, ಸಿಟ್ಟಿನಿಂದಲೋ ಎಂಬುದನ್ನು ಯಾವ ಕೊಳವೆಯೂ ಹೇಳಲಾರದು. ಸುಳ್ಳಿಗೇ ಮೀಸಲಾದ ದೈಹಿಕ ಲಕ್ಷಣವೊಂದನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ಪರೀಕ್ಷಕರು ಈ ಕೊರತೆಯನ್ನು ಒಂದು ಜಾಣ್ಮೆಯಿಂದ ತುಂಬಲು ನೋಡುತ್ತಾರೆ. ‘ಪೆಟ್ಟಿಗೆಯ ಹಣ ತೆಗೆದಿರಾ?’ ಎಂಬ ನೇರ ಪ್ರಶ್ನೆಯ ಪಕ್ಕದಲ್ಲಿ, ‘ಬದುಕಿನಲ್ಲಿ ಎಂದಾದರೂ ನಿಮ್ಮದಲ್ಲದ ವಸ್ತುವನ್ನು ತೆಗೆದುಕೊಂಡಿದ್ದೀರಾ?’ ಎಂಬಂಥ ಇನ್ನೊಂದು ಪ್ರಶ್ನೆಯನ್ನಿಡುತ್ತಾರೆ. ಪ್ರಾಮಾಣಿಕನಿಗೆ ಈ ಎರಡನೆಯ ಪ್ರಶ್ನೆ ಹೆಚ್ಚು ಕಸಿವಿಸಿ ತರುತ್ತದೆ, ಕಳ್ಳನಿಗೆ ಮೊದಲನೆಯದು ಎಂಬುದು ಲೆಕ್ಕಾಚಾರ. ಈ ಲೆಕ್ಕಾಚಾರ ಎಷ್ಟು ದುರ್ಬಲವೆಂಬುದು ಓದುಗರಿಗೆ ತಟ್ಟನೆ ಹೊಳೆಯಬಹುದು. ಕೆಲಸ, ಮಾನ ಎರಡೂ ತೂಗುಯ್ಯಾಲೆಯಲ್ಲಿರುವಾಗ, ಬಾಲ್ಯದಲ್ಲಿ ಕದ್ದ ಮಾವಿನಕಾಯಿಗಿಂತ ಪೆಟ್ಟಿಗೆಯ ಹಣದ ಪ್ರಶ್ನೆಗೇ ಹೆಚ್ಚು ಬೆವರುವುದು ಪ್ರಾಮಾಣಿಕನ ಸಹಜ ಧರ್ಮ.

ಈ ಯಂತ್ರಕ್ಕೆ ನೂರು ವರ್ಷ ದಾಟಿದೆ. ಬರ್ಕ್ಲಿಯ ಪೊಲೀಸ್ ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ 1921ರಲ್ಲಿ ಅದಕ್ಕೊಂದು ರೂಪ ಕೊಟ್ಟರು. ಅದಕ್ಕೂ ಮೊದಲೇ ರಕ್ತದೊತ್ತಡದಿಂದ ಸುಳ್ಳು ಹಿಡಿಯುತ್ತೇನೆಂದು ಹೊರಟಿದ್ದ ವಿಲಿಯಂ ಮಾರ್ಸ್ಟನ್ ತಮ್ಮ ಪರೀಕ್ಷೆಯನ್ನು ವಾಷಿಂಗ್ಟನ್ನಿನ ಕೊಲೆ ಮೊಕದ್ದಮೆಯೊಂದಕ್ಕೆ ಒಯ್ದಾಗ, 1923ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವಿಜ್ಞಾನಿಗಳ ವಲಯದಲ್ಲಿ ಸಾಮಾನ್ಯ ಮನ್ನಣೆ ಪಡೆಯದ ವಿಧಾನ ನ್ಯಾಯಾಲಯದಲ್ಲಿ ಸಲ್ಲದು ಎಂಬ ಆ ‘ಫ್ರೈ’ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಮಾರ್ಸ್ಟನ್ ಮುಂದೆ ‘ವಂಡರ್ ವುಮನ್’ ಎಂಬ ಚಿತ್ರಕಥೆಯ ನಾಯಕಿಯನ್ನು ಸೃಷ್ಟಿಸಿ ಅವಳ ಕೈಗೆ, ಕಟ್ಟಿದರೆ ಸಾಕು ನಿಜ ನುಡಿಸುವ ಹಗ್ಗವೊಂದನ್ನು ಕೊಟ್ಟರು. ಆ ಹಗ್ಗ ಯಂತ್ರಕ್ಕಿಂತ ಯಶಸ್ವಿಯಾಯಿತು.

ವಿಶ್ವಾಸಾರ್ಹತೆಯ ಬಗ್ಗೆ ಇದುವರೆಗೆ ಬಂದಿರುವ ಅತ್ಯಂತ ಗಂಭೀರ ಪರಾಮರ್ಶೆ 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ವರದಿ. ನಾನು ಆ ಐದು ಸಹಿಗಳನ್ನು ಪಡೆದ ವರ್ಷವೇ ಅದು ಹೊರಬಂದಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನಿರ್ದಿಷ್ಟ ಘಟನೆಯೊಂದರ ತನಿಖೆಯಲ್ಲಿ, ತಪ್ಪಿಸಿಕೊಳ್ಳುವ ತರಬೇತಿ ಇಲ್ಲದವರ ಮೇಲೆ ನಡೆಸಿದರೆ ಪಾಲಿಗ್ರಾಫ್ ಕುರುಡು ಊಹೆಗಿಂತ ಸಾಕಷ್ಟು ಮೇಲು, ಆದರೆ ಪರಿಪೂರ್ಣತೆಗಿಂತ ಬಹಳ ಕೆಳಗೆ ಎಂದು ವರದಿ ಹೇಳಿತು. ಅದರಲ್ಲಿರುವ ಒಂದು ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಮರೆಯಲಾಗಿಲ್ಲ. ಹತ್ತು ಸಾವಿರ ನೌಕರರಲ್ಲಿ ಹತ್ತು ಗೂಢಚಾರರಿದ್ದಾರೆಂದು ಭಾವಿಸಿ. ಹತ್ತರಲ್ಲಿ ಎಂಟು ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ ಅವರೊಂದಿಗೆ ಸುಮಾರು 1,600 ನಿರಪರಾಧಿಗಳೂ ಬಲೆಗೆ ಬೀಳುತ್ತಾರೆ. ನಿರಪರಾಧಿಗಳನ್ನು ಉಳಿಸಲೆಂದು ಬಲೆಯನ್ನು ಸಡಿಲಿಸಿದರೆ ಹತ್ತರಲ್ಲಿ ಎಂಟು ಗೂಢಚಾರರು ನುಸುಳಿ ಹೋಗುತ್ತಾರೆ. ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿಯೂ 1991ರಲ್ಲಿಯೂ ಇದೇ ಪರೀಕ್ಷೆಯಲ್ಲಿ ಪಾಸಾಗಿದ್ದರು. ಸಿಕ್ಕಿಬಿದ್ದದ್ದು 1994ರಲ್ಲಿ.

ಇದೇ ಗಣಿತವನ್ನು ನನ್ನ ಕಚೇರಿಗೆ ಅನ್ವಯಿಸಿ ನೋಡಿದ್ದೇನೆ. ನಿರಪರಾಧಿಯನ್ನು ತಪ್ಪಾಗಿ ಸುಳ್ಳನೆನ್ನುವ ಸಾಧ್ಯತೆ ಶೇ 15 ಎಂದಿಟ್ಟುಕೊಳ್ಳೋಣ. ಇದು ನನ್ನ ಊಹೆ, ಲೆಕ್ಕದ ಅನುಕೂಲಕ್ಕಾಗಿ. ಐವರು ನಿರಪರಾಧಿಗಳನ್ನು ಪರೀಕ್ಷಿಸಿದರೆ ಐವರೂ ಪಾರಾಗುವ ಸಂಭವ ಶೇ 44 ಮಾತ್ರ. ಅಂದರೆ ಕಳ್ಳನೇ ಇಲ್ಲದ ಕಚೇರಿಯಲ್ಲೂ ಒಬ್ಬ ಕಳ್ಳನಾದರೂ ಸಿಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಸಿಕ್ಕಿದವನನ್ನು ನೋಡಿ, ಪರೀಕ್ಷೆ ಫಲಿಸಿತೆಂದು ಅಧಿಕಾರಿ ಸಮಾಧಾನಪಡುತ್ತಾನೆ.

ನಮ್ಮ ಜಿಲ್ಲೆಗಳವರಿಗೆ ಇಂಥ ಪರೀಕ್ಷೆ ಹೊಸದೇನಲ್ಲ. ಕಾಸರಗೋಡಿನ ಕಾನತ್ತೂರು ನಾಲ್ವರ್ ದೈವಸ್ಥಾನಕ್ಕೆ ದೂರು ಕೊಂಡೊಯ್ಯುತ್ತೇನೆಂಬ ಮಾತೇ ತುಳುನಾಡಿನಲ್ಲಿ ಅರ್ಧ ಜಗಳಗಳನ್ನು ತೀರಿಸುತ್ತದೆ. ಧರ್ಮಸ್ಥಳದ ಆಣೆಗೆ ಅಂಜುವವರು ಇಂದಿಗೂ ಇದ್ದಾರೆ. ಕಾಣೆಯಾದ ಚಿನ್ನ ಆಣೆಯ ಹಿಂದಿನ ರಾತ್ರಿ ತುಳಸಿಕಟ್ಟೆಯ ಮೇಲೆ ಬಂದು ಕುಳಿತ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಹಳೆಯ ಧರ್ಮಶಾಸ್ತ್ರಗಳು ಇದನ್ನು ‘ದಿವ್ಯ’ವೆಂದು ಕರೆದವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷಗಳ ದಿವ್ಯಗಳನ್ನು ಹೇಗೆ ನಡೆಸಬೇಕೆಂಬ ವಿವರಗಳಿವೆ. ಕಿತ್ತೂರಿನ 12ನೇ ಶತಮಾನದ ಶಾಸನವೊಂದು, ಜಮೀನಿನ ವಿವಾದದಲ್ಲಿ ಕಾಯಿಸಿದ ನೇಗಿಲ ಗುಳವನ್ನು ಹಿಡಿಯುವ ‘ಫಾಳದಿವ್ಯ’ವನ್ನು ದಾಖಲಿಸಿದೆ. ಅಕ್ಕಿ ಅಗಿಸುವ ದಿವ್ಯವೂ ಇತ್ತು. ಹೆದರಿದವನ ಬಾಯಿ ಒಣಗುತ್ತದೆ, ಅಕ್ಕಿ ಒದ್ದೆಯಾಗುವುದಿಲ್ಲ. ಯೋಚಿಸಿದರೆ ಅದೂ ಒಂದು ಪಾಲಿಗ್ರಾಫೇ, ವಿದ್ಯುತ್ತಿನ ಖರ್ಚಿಲ್ಲದ್ದು.

ಅರ್ಥಶಾಸ್ತ್ರಜ್ಞ ಪೀಟರ್ ಲೀಸನ್ ಮಧ್ಯಯುಗದ ಯುರೋಪಿನ ಇಂಥ ದಿವ್ಯಗಳ ಬಗ್ಗೆ 2012ರಲ್ಲಿ ಒಂದು ಕುತೂಹಲಕರ ವಾದ ಮುಂದಿಟ್ಟರು. ದೇವರು ನಿರಪರಾಧಿಯ ಕೈ ಸುಡುವುದಿಲ್ಲವೆಂದು ಎಲ್ಲರೂ ನಂಬಿರುವಾಗ ತಪ್ಪಿತಸ್ಥ ಕೈಯೊಡ್ಡದೆ ತಪ್ಪೊಪ್ಪಿಕೊಳ್ಳುತ್ತಾನೆ, ಒಡ್ಡಲು ಸಿದ್ಧನಾದವನು ಬಹುತೇಕ ನಿರಪರಾಧಿ. ಇದನ್ನರಿತ ಪಾದ್ರಿ ನೀರನ್ನು ಅಷ್ಟು ಬಿಸಿ ಮಾಡುವುದಿಲ್ಲ. ವ್ಯವಸ್ಥೆ ನಿಂತಿರುವುದು ನೀರಿನ ಬಿಸಿಯ ಮೇಲಲ್ಲ, ಅದರ ಮೇಲಿನ ನಂಬಿಕೆಯ ಮೇಲೆ. ಪಾಲಿಗ್ರಾಫ್ ಕೊಠಡಿಯಲ್ಲಿ ನಡೆಯುವುದೂ ಬಹುಪಾಲು ಇದೇ. ಯಂತ್ರ ತಪ್ಪುವುದಿಲ್ಲವೆಂದು ನಂಬಿದವನು ತಂತಿ ಕಟ್ಟುವ ಮೊದಲೇ ಬಾಯಿ ಬಿಡುತ್ತಾನೆ. ಅನುಭವಿ ಪೊಲೀಸ್ ಮಿತ್ರರು ಇದರ ಉಪಯುಕ್ತತೆಯನ್ನು ಹೊಗಳುವಾಗ ಅವರ ಮನಸ್ಸಿನಲ್ಲಿರುವುದು ಈ ತಪ್ಪೊಪ್ಪಿಗೆಗಳೇ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅಂದಿನ ಪಾದ್ರಿಗೆ ನೀರಿನ ಬಿಸಿ ಎಷ್ಟೆಂದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಕಾನತ್ತೂರಿನ ಭಯ ತಪ್ಪಿತಸ್ಥನನ್ನು ಕಾಡುತ್ತದೆ, ನಿರಪರಾಧಿ ನೆಮ್ಮದಿಯಿಂದ ಮಲಗುತ್ತಾನೆ. ಪಾಲಿಗ್ರಾಫಿನ ಮುಂದೆ ನಿರಪರಾಧಿಗೂ ಭಯ, ಮತ್ತು ಆ ಭಯವೇ ಅವನ ವಿರುದ್ಧದ ಸಾಕ್ಷ್ಯ.

ಯಂತ್ರವನ್ನು ಬೇರೆ ರೀತಿಯಲ್ಲಿ ಬಳಸಲು ಸಾಧ್ಯವಿದೆಯೆಂಬುದನ್ನೂ ಹೇಳಬೇಕು. ಮನೋವಿಜ್ಞಾನಿ ಡೇವಿಡ್ ಲಿಕ್ಕೆನ್ 1959ರಲ್ಲಿ ಸೂಚಿಸಿದ ವಿಧಾನದಲ್ಲಿ ‘ನೀನು ಮಾಡಿದೆಯಾ’ ಎಂದು ಕೇಳುವುದಿಲ್ಲ. ಅಪರಾಧಿಗೆ ಮಾತ್ರ ಗೊತ್ತಿರಬಹುದಾದ ವಿವರವನ್ನು ನಾಲ್ಕಾರು ಸುಳ್ಳು ವಿವರಗಳ ನಡುವೆ ಇಟ್ಟು ಕೇಳುತ್ತಾರೆ. ಕದ್ದ ಹಣ ಕೆಂಪು ಚೀಲದಲ್ಲಿತ್ತೇ, ಹಳದಿಯದರಲ್ಲೇ, ಬಿಳಿಯದರಲ್ಲೇ? ಚೀಲವನ್ನೇ ನೋಡದವನಿಗೆ ಎಲ್ಲ ಬಣ್ಣವೂ ಒಂದೇ. ಜಪಾನಿನ ಪೊಲೀಸರು ಈ ವಿಧಾನವನ್ನೇ ಹೆಚ್ಚಾಗಿ ಅವಲಂಬಿಸಿದ್ದಾರೆ. ಆದರೆ ಅಪರಾಧ ನಡೆದ ಮಧ್ಯಾಹ್ನಕ್ಕೇ ಎಲ್ಲ ವಿವರಗಳೂ ದೂರದರ್ಶನದ ಪರದೆಯ ಮೇಲೆ ಓಡಾಡುವ ನಮ್ಮಲ್ಲಿ, ಅಪರಾಧಿಗೆ ಮಾತ್ರ ಗೊತ್ತಿರುವ ಗುಟ್ಟು ಉಳಿಯುವುದೆಲ್ಲಿ?

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಮೊಕದ್ದಮೆ ಕರ್ನಾಟಕದ್ದೇ. 2004ರಲ್ಲಿ ಬೆಂಗಳೂರಿನಲ್ಲಿ, ಬೇರೆ ಜಾತಿಯ ಯುವತಿಯನ್ನು ಮದುವೆಯಾಗಿದ್ದ ಯುವಕನೊಬ್ಬನ ಕೊಲೆಯಾಯಿತು. ಸಂಶಯ ಹುಡುಗಿಯ ಮನೆಯವರ ಮೇಲೆ. ನೇರ ಸಾಕ್ಷ್ಯವಿರಲಿಲ್ಲ. ಮೊದಲು ಪಾಲಿಗ್ರಾಫ್ ಮತ್ತು ಬ್ರೈನ್ ಮ್ಯಾಪಿಂಗ್ ನಡೆಯಿತು. ಪಾಲಿಗ್ರಾಫ್ ವಂಚನೆಯ ಲಕ್ಷಣ ತೋರಿಸಿತೆಂದು, ಅದರ ಬಲದ ಮೇಲೆ ಮಂಪರು ಪರೀಕ್ಷೆಗೆ ಅನುಮತಿ ಕೇಳಲಾಯಿತು. ಒಂದು ಸಂಶಯಾಸ್ಪದ ಪರೀಕ್ಷೆ ಇನ್ನೊಂದಕ್ಕೆ ಬಾಗಿಲಾಗುವುದು ಹೀಗೆ. ರಾಜ್ಯ ಹೈಕೋರ್ಟ್ ಅದಕ್ಕೆ ತಡೆಯೊಡ್ಡಲಿಲ್ಲ. ಆ ಕಾಲದ ಹವೆಯೂ ಹಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆ ಬೆಂಗಳೂರಿನಲ್ಲಿ ನಡೆದು, ಅದರ ದೃಶ್ಯಗಳು ಮುಂದೆ ಮನೆಮನೆಯ ಟಿ.ವಿ.ಯಲ್ಲಿ ಬಂದವು. ದೇಶದ ಯಾವ ಮೂಲೆಯಲ್ಲಿ ತನಿಖೆ ಸಿಕ್ಕಿಬಿದ್ದರೂ ಆರೋಪಿಯನ್ನು ಬೆಂಗಳೂರಿಗೆ ಕರೆತರುವ ರೂಢಿ ಬೆಳೆದಿತ್ತು. ಅದೇ ಬೆಂಗಳೂರಿನ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ 2008ರಲ್ಲಿ ಬ್ರೈನ್ ಮ್ಯಾಪಿಂಗ್‌ಗೆ ವೈಜ್ಞಾನಿಕ ತಳಹದಿಯಿಲ್ಲವೆಂದು ಹೇಳಿತೆಂಬುದನ್ನು ಮಾತ್ರ ಅಷ್ಟು ಮಂದಿ ನೆನಪಿಟ್ಟುಕೊಂಡಿಲ್ಲ.

‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂದು ಹೆಸರಾದ ಈ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ 2010ರ ಮೇ 5ರಂದು ತೀರ್ಪಿತ್ತಿತು. ಒಪ್ಪಿಗೆಯಿಲ್ಲದೆ ಈ ಮೂರೂ ಪರೀಕ್ಷೆಗಳನ್ನು ಯಾರ ಮೇಲೂ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಗೂ, ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗೂ ಅದು ವಿರುದ್ಧ. ಒಪ್ಪಿದವರಿಗೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿ ಅನ್ವಯಿಸಬೇಕು: ವಕೀಲರ ನೆರವಿರಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ಪರೀಕ್ಷೆ ಸ್ವತಂತ್ರ ಸಂಸ್ಥೆಯಿಂದ ನಡೆಯಬೇಕು. ಇಷ್ಟಾದರೂ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿ ಮಾತ್ರ ಸಾಕ್ಷ್ಯ ಕಾಯ್ದೆಯ 27ನೇ ಕಲಮಿನಡಿ ಸಲ್ಲಬಹುದು. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಆ ನಿಯಮ ಅದರ 23ನೇ ಕಲಮಿನಲ್ಲಿ ಮುಂದುವರಿದಿದೆ. 2025ರ ಜೂನ್ 9ರಂದು ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ತೀರ್ಪನ್ನು ಪುನರುಚ್ಚರಿಸಿ, ಸ್ವಇಚ್ಛೆಯಿಂದ ಮಂಪರು ಪರೀಕ್ಷೆಗೆ ಒಳಗಾಗುವುದು ಕೂಡ ಆರೋಪಿಯ ನಿರಪೇಕ್ಷ ಹಕ್ಕಲ್ಲವೆಂದು ಹೇಳಿತು.

ತೀರ್ಪಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಅದರ ಇಡೀ ಭಾರ ‘ಒಪ್ಪಿಗೆ’ ಎಂಬ ಒಂದೇ ಕಂಬದ ಮೇಲಿದೆ. ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಮೈಕಲ್ ಸ್ಪೆನ್ಸ್ ಅವರ ಸಂಕೇತ ಸಿದ್ಧಾಂತವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಐವರ ಮುಖಗಳನ್ನು ನೆನೆದಾಗ. ನಾಲ್ವರು ಒಪ್ಪಿದ ಮೇಲೆ ಐದನೆಯವನ ನಿರಾಕರಣೆಯೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಆದ್ದರಿಂದ ಅವನೂ ಒಪ್ಪುತ್ತಾನೆ. ಯಾರೂ ಬಲವಂತ ಮಾಡಿಲ್ಲ, ಆದರೆ ಸ್ವಇಚ್ಛೆ ಎಂಬುದೂ ಅಲ್ಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗುವ ಒಪ್ಪಿಗೆಯ ಹಿಂದೆ ಮೇಲಧಿಕಾರಿಯ ಕೊಠಡಿ, ಸಹೋದ್ಯೋಗಿಗಳ ನೋಟ, ಇತ್ತೀಚೆಗೆ ವಾರ್ತಾವಾಹಿನಿಗಳ ಕೂಗು ಇವೆಲ್ಲ ಇರುತ್ತವೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಪ್ರಕರಣದಲ್ಲಿ ಆರೋಪಿಗೆ ಮಾತ್ರವಲ್ಲ, ಇನ್ನೂ ಹಲವರಿಗೆ ಪಾಲಿಗ್ರಾಫ್ ನಡೆಯಿತು. ಅಂಥ ದಿನಗಳಲ್ಲಿ ‘ನಾನು ಒಲ್ಲೆ’ ಎನ್ನುವ ಧೈರ್ಯ ಎಷ್ಟು ಜನರಿಗಿದ್ದೀತು?

ನನ್ನ ಕಚೇರಿಯ ಕಥೆಗೆ ಮರಳುತ್ತೇನೆ. ಪೊಲೀಸರು ಆ ಜವಾನರ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಸಲಿಲ್ಲ, ಸಲ್ಲಿಸಲು ಅವರಲ್ಲಿ ಏನೂ ಇರಲಿಲ್ಲ. ಆದರೆ ಅಮಾನತು ನಿಂತೇ ಇತ್ತು. ಅರ್ಧ ಸಂಬಳದಂಥ ಜೀವನಾಧಾರ ಭತ್ಯೆಯಲ್ಲಿ ಆ ಕುಟುಂಬ ಹದಿನಾಲ್ಕು ತಿಂಗಳು ಕಳೆಯಿತು. ಆಮೇಲೆ ಒಂದು ದಿನ, ಖಜಾನೆಯ ಅಂಕಿಗಳೊಂದಿಗೆ ಬೇರೊಂದು ಲೆಕ್ಕಶೀರ್ಷಿಕೆಯನ್ನು ತಾಳೆ ನೋಡುವಾಗ, ಅಲ್ಲಿ ಇರಬಾರದ 38 ಸಾವಿರ ರೂಪಾಯಿ ಕಾಣಿಸಿತು. ತಿಂಗಳ ಕೊನೆಯ ಗಡಿಬಿಡಿಯಲ್ಲಿ ನಗದು ಗುಮಾಸ್ತರು ಆ ಹಣವನ್ನು ತಪ್ಪು ಶೀರ್ಷಿಕೆಯ ಚಲನ್‌ನಲ್ಲಿ ಕಟ್ಟಿ, ನಗದು ಪುಸ್ತಕದಲ್ಲಿ ಬರೆಯಲು ಮರೆತಿದ್ದರು. ಚಲನ್‌ನ ಪ್ರತಿ ಬೇರೆ ಕಡತದಲ್ಲಿ ಸೇರಿಹೋಗಿತ್ತು. ಹಣ ಕಟ್ಟಿಲ್ಲವೆಂದು ಅವರು ಮನಸಾರೆ ನಂಬಿದ್ದರು. ಯಂತ್ರದ ಮುಂದೆಯೂ ಅದನ್ನೇ ಹೇಳಿ ಪಾರಾಗಿದ್ದರು. ಅವರು ಹೇಳಿದ್ದು ಸತ್ಯವಲ್ಲ, ಸುಳ್ಳೂ ಅಲ್ಲ. ಪಾಲಿಗ್ರಾಫಿನಲ್ಲಿ ಅದಕ್ಕೊಂದು ಗೆರೆಯಿಲ್ಲ.

ಜವಾನರನ್ನು ಕರೆಸಿ ಕುಳ್ಳಿರಿಸಿದೆ. ಕುಳಿತುಕೊಳ್ಳಲು ಅವರು ಒಪ್ಪಲಿಲ್ಲ. ಹಾಗಾದರೆ ಯಂತ್ರದಲ್ಲಿ ಅಷ್ಟು ಏರುಪೇರು ಬಂದದ್ದೇಕೆ ಎಂದು ಕೇಳಿದೆ. ಕೇಳಬಾರದಿತ್ತು. ಅವರು ನೆಲ ನೋಡುತ್ತ ಹೇಳಿದರು: ‘ಸಾಹೇಬ್ರ, ನಾ ಸಣ್ಣಾವಿದ್ದಾಗ ಗೌಡ್ರ ಮನ್ಯಾಗ ಒಂದು ಬೆಳ್ಳಿ ತಂಬಿಗಿ ಕಳದಿತ್ತು. ನಮ್ಮಪ್ಪನ್ನ ಕಂಬಕ್ಕ ಕಟ್ಟಿ ಕೇಳಿದ್ರು. ಕದ್ದೀಯೇನು ಅಂದ್ರ ನನಗ ಇವತ್ತಿಗೂ ಆ ಕಂಬ ಕಾಣತೈತ್ರಿ.’

ಐವರಲ್ಲಿ ಇನ್ನುಳಿದ ನಾಲ್ವರಿಗೆ ಅಂಥ ಕಂಬ ಇರಲಿಲ್ಲ. ಭಯ ನಮ್ಮ ಸಮಾಜದಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಜಮೀನು, ಜಾತಿ, ವಿದ್ಯೆಗಳ ಹಂಚಿಕೆಯಂತೆಯೇ ಅದೂ. ಭಯವನ್ನು ಅಳೆಯುವ ಯಂತ್ರ ಆ ಹಂಚಿಕೆಯನ್ನೇ ಓದಿ ವರದಿ ಬರೆಯಿತು, ನಾನು ಅದಕ್ಕೆ ಮೊಹರು ಒತ್ತಿದೆ.

ಅವರನ್ನು ಸೇವೆಗೆ ಮರಳಿ ತೆಗೆದುಕೊಂಡು ಬಾಕಿ ಸಂಬಳವನ್ನೂ ಕೊಡಿಸಿದೆ. ಅವರು ಕೇಳಿದ್ದು ಅದೊಂದೇ ಆಗಿರಲಿಲ್ಲ. ‘ಆ ಮಶೀನ್ ಹೇಳಿದ್ದು ಖರೇ ಅಲ್ಲ ಅಂತ ಒಂದು ಕಾಗದ ಬರದ ಕೊಡ್ರಿ, ಊರಾಗ ತೋರಸ್ತೀನಿ’ ಎಂದರು. ಅಂಥ ಕಾಗದ ಬರೆಯಲು ಯಾವ ನಿಯಮಾವಳಿಯಲ್ಲೂ ನಮೂನೆಯಿರಲಿಲ್ಲ. ಇಲಾಖೆಯ ಎಂದಿನ ಭಾಷೆಯಲ್ಲಿ, ‘ಆರೋಪವು ಸಾಬೀತಾಗದಿರುವ ಕಾರಣ ಅಮಾನತು ಆದೇಶವನ್ನು ಹಿಂಪಡೆಯಲಾಗಿದೆ’ ಎಂದು ಬರೆದು ಸಹಿ ಮಾಡಿದೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದರು.